ಬಗ್ಯಾಸಿನ ಹಿಮಾಲಯ

ಮಿರಜಿಗೆ ಹೊರಟ ಬಸ್ಸು ಕಾಗವಾಡದ ಹತ್ತಿರ ಒಂದು ಲಾರಿಯ ಹಿಂದೆ ಸಿಕ್ಕಿಬಿತ್ತು. ಜುಲೈ ತಿಂಗಳ ಜಿಟಿಜಿಟಿ ಮಳೆ. ಲಾರಿಯ ತುಂಬ ಬಗ್ಯಾಸ್, ಅಂದರೆ ಕಬ್ಬು ಹಿಂಡಿ ರಸ ತೆಗೆದ ಮೇಲೆ ಉಳಿಯುವ ಸಿಪ್ಪೆಯ ಪುಡಿ. ಮೇಲೆ ಹೊದಿಸಿದ ತಾಡಪತ್ರಿ ಹರಿದಿತ್ತು. ತೊಯ್ದ ಬಗ್ಯಾಸಿನ ವಾಸನೆ, ಅರ್ಧ ಸಿಹಿ ಅರ್ಧ ಹುಳಿ, ನೇರವಾಗಿ ನಮ್ಮ ಕಿಟಕಿಗೇ ಬರುತ್ತಿತ್ತು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿ ತೆರೆದೆ. ನನಗೆ ಅದು ಹಿಮಾಲಯದ ವಾಸನೆ.

ಹಿಮಾಲಯ ಕಂಡವರು ಇದನ್ನು ಕೇಳಿದರೆ ನಗುತ್ತಾರೆ. ನಗಲಿ. ನಾನು ಹಿಮಾಲಯ ಕಂಡಿಲ್ಲ. ಆದರೆ 2011ರ ನವೆಂಬರಿನಿಂದ ಮರುವರ್ಷದ ಮೇ ತಿಂಗಳವರೆಗೆ, ಕಬ್ಬು ನುರಿಸುವ ಒಂದಿಡೀ ಹಂಗಾಮು, ಅದನ್ನು ಹತ್ತುವ ತಯಾರಿಯಲ್ಲಿದ್ದೆ. ಆ ತಯಾರಿಯಲ್ಲಿ ನಾನು ಮಾಡಿದ ಒಂದು ಕೆಲಸವನ್ನು ಇದುವರೆಗೆ ಹೆಂಡತಿಗೂ ಪೂರ್ತಿ ಹೇಳಿಲ್ಲ. ವಯಸ್ಸಾಯಿತು, ಈಗ ಹೇಳಿಬಿಡುತ್ತೇನೆ.

ಕೃಷ್ಣಾ ನದಿಯ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಕಾಟಾ ಕ್ಲಾರ್ಕ್. ಹೆಸರು ಬೇಡ, ನಮ್ಮ ಕಡೆ ಕಾರ್ಖಾನೆಗಳಿಗೇನು ಬರವೇ? ಕಬ್ಬಿನ ಟ್ರ್ಯಾಕ್ಟರು, ಲಾರಿ, ಚಕ್ಕಡಿಗಳನ್ನು ತೂಗುವ ದೊಡ್ಡ ಕಾಟಾದ ಪಕ್ಕದಲ್ಲಿ ಆರಡಿ ಅಗಲದ ಖೋಲಿ, ಅದಕ್ಕೊಂದು ಕಿಟಕಿ. ಅಲ್ಲಿ ಕುಳಿತು ಅನುಮಾನಪಡುವುದೇ ನನ್ನ ನೌಕರಿ. ತುಂಬಿದ ಗಾಡಿ ತೂಗುವಾಗ ಡ್ರೈವರ್ ಸೀಟಿನಲ್ಲೇ ಕುಳಿತಿರುತ್ತಾನೆ. ಕಬ್ಬು ಇಳಿಸಿ ಖಾಲಿ ಗಾಡಿ ತೂಗುವಾಗ ಕೆಳಗಿಳಿದು, ಸಾಲದ್ದಕ್ಕೆ ಸ್ಟೆಪ್ನಿ ಗಾಲಿಯನ್ನೂ ಇಳಿಸಿ ಬೇವಿನ ಗಿಡಕ್ಕೆ ಆನಿಸಿ ಬಂದಿರುತ್ತಾನೆ. ಖಾಲಿ ಗಾಡಿ ಹಗುರಾದಷ್ಟೂ ಕಬ್ಬು ಹೆಚ್ಚು. ಇಂಥದ್ದನ್ನು ಹಿಡಿದೂ ಹಿಡಿದೂ, ಟಾಯರು ಎಷ್ಟು ಒತ್ತಿದೆ ಎಂದು ನೋಡಿ ಟ್ರೇಲರಿನ ತೂಕ ಹೇಳುವಷ್ಟು ಪಳಗಿದ್ದೆ. ರೈತರಿಗೆ ನನ್ನ ಮೇಲೆ ಅನುಮಾನ, ನನಗೆ ಡ್ರೈವರುಗಳ ಮೇಲೆ ಅನುಮಾನ, ನಮ್ಮ ಸಾಹೇಬರಿಗೆ ಎಲ್ಲರ ಮೇಲೂ ಅನುಮಾನ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನನಗೆ ಬರೀ ಗಾದೆಯಲ್ಲ, ಹೊಟ್ಟೆಪಾಡು.

ಅಂಥ ನನ್ನ ಖೋಲಿಗೆ ನವೆಂಬರಿನ ಒಂದು ಮಧ್ಯಾಹ್ನ ಮಿಲಿಂದ ಬಂದ. ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟ್. ರಾಯಬಾಗ ತಾಲೂಕಿನವನು, ದಲಿತ ಕೇರಿಯ ಬೌದ್ಧರ ಮನೆಯ ಹುಡುಗ, ಎಂ.ಎಸ್ಸಿ. ಮುಗಿಸಿದವನು, ನನಗಿಂತ ಎಂಟು ವರ್ಷ ಚಿಕ್ಕವನು. ನಾನು ಅವನಿಗೆ ‘ನೀ’ ಅನ್ನುತ್ತಿದ್ದೆ, ಅವನು ನನಗೆ ‘ರಿ’ ಹಚ್ಚಿ ಮಾತಾಡುತ್ತಿದ್ದ. ನನ್ನದು ಪಿಯುಸಿ ಫೇಲು. ಆದರೂ ಹಾಗೇ ನಡೆದಿತ್ತು, ಅದರಲ್ಲಿ ವಿಚಾರ ಮಾಡುವುದೇನಿದೆ ಎಂದು ಆಗ ಅನಿಸಿರಲಿಲ್ಲ.

ಮಿಲಿಂದ ಒಂದು ಕಾಗದ ಮುಂದಿಟ್ಟು ಹೇಳಿದ: “ಶ್ರೀಕಾಂತಣ್ಣಾರ, ಮೇ ತಿಂಗಳದಾಗ ಹದಿನೈದು ದಿನಾ ಸೂಟಿ ಹಾಕ್ರಿ. ಹಿಮಾಲಯ ಹತ್ತಾಕ ಹೋಗೂಣು.”

ಹಿಮಾಚಲದಲ್ಲಿ ಹದಿನಾಲ್ಕು ಸಾವಿರ ಅಡಿ ಎತ್ತರದ ಒಂದು ಹಿಮದ ಘಾಟು. ಅದನ್ನು ಏಳು ದಿನ ನಡೆದು ದಾಟಿಸುವ ಒಂದು ತಂಡದ ಮಾಹಿತಿ ಪತ್ರಿಕೆ ಅದು. 

“ನನ್ನನ್ಯಾಕ ಕರಿಯಾಕತ್ತಿ?” ಎಂದೆ.

ಅವನು ನನ್ನ ತಲೆಯ ಮೇಲಿನ ಗೋಡೆ ತೋರಿಸಿದ. ಅಲ್ಲಿ ಯಾವುದೋ ಗೊಬ್ಬರದ ಅಂಗಡಿಯ ಕ್ಯಾಲೆಂಡರು, ಅದರಲ್ಲಿ ಹಿಮದ ಬೆಟ್ಟ. “ಎರಡ ವರ್ಷಾತು, ಹಳೇ ಕ್ಯಾಲೆಂಡರ್ ನೀವು ತಗದಿಲ್ಲ. ತಾರೀಖ ನೋಡಾಕಂತೂ ಇಟ್ಟಿಲ್ಲಲ್ರಿ.”

ನಿಜ. ತೂಗಿಸಿಕೊಳ್ಳಲು ಎಲ್ಲವೂ ನನ್ನ ಬಳಿ ಬರುತ್ತಿತ್ತು, ನಾನು ಎಲ್ಲಿಗೂ ಹೋದವನಲ್ಲ. ಒಂದು ಸಲ, ಒಂದೇ ಸಲ, ಏನನ್ನೂ ತೂಗದ ಜಾಗದಲ್ಲಿ ನಿಲ್ಲಬೇಕು ಎಂಬ ಆಸೆ ಇತ್ತು. ಅದನ್ನು ಅವನು ಓದಿಬಿಟ್ಟಿದ್ದ. ಖುಷಿಯಾಗಬೇಕಿತ್ತು. ನನಗೆ ಮೊದಲು ಬಂದ ವಿಚಾರ ಬೇರೆ: ಇವನಿಗೆ ನನ್ನಿಂದ ಏನಾಗಬೇಕಾಗಿದೆ?

ಜೊತೆಗೆ ಅಣ್ಣಾಸಾಬನನ್ನು ಸೇರಿಸಿಕೊಂಡೆ. ಅವನು ನನ್ನ ಸಾಲೆಯ ಗೆಳೆಯ, ಅಥಣಿ ಕಡೆ ಕಬ್ಬು, ದ್ರಾಕ್ಷಿ ತೋಟದ ಮನೆತನದವನು, ಜೀಪಿನ ಒಡೆಯ. ಒಬ್ಬನಾದರೂ ನಮ್ಮವನು ಇರಲಿ ಎಂಬುದು ನನ್ನ ಲೆಕ್ಕಾಚಾರ. ‘ನಮ್ಮವನು’ ಅಂದರೇನು ಎಂದು ನನ್ನನ್ನೇ ಕೇಳಿಕೊಳ್ಳಲಿಲ್ಲ.

ತಯಾರಿ ಶುರುವಾಯಿತು. ಅಥಣಿಯ ಸೈಬರ್ ಕೆಫೆಯಲ್ಲಿ ನಕಾಶೆ ಪ್ರಿಂಟ್ ತೆಗೆಸಿ ಮಿಲಿಂದ ಕಾಟಾದ ಮೇಜಿನ ಮೇಲೆ ಹಾಸುತ್ತಿದ್ದ. ಗೆರೆಗಳು ಹತ್ತಿರ ಹತ್ತಿರ ಇದ್ದಲ್ಲಿ ಏರು ಕಡಿದು, ದೂರ ಇದ್ದಲ್ಲಿ ಸಪಾಟು ಎಂದು ಪೆನ್ಸಿಲ್ಲಿನಿಂದ ತೋರಿಸುತ್ತಿದ್ದ. ನಾನು ನಕಾಶೆಯನ್ನೂ ನಂಬಲಿಲ್ಲ.

“ಏಳ ಕಿಲೋಮೀಟರಿಗೆ ಎಂಟ ತಾಸು? ನಮ್ಮವ್ವ ಎಂಟ ತಾಸಿನಾಗ ಚಿಕ್ಕೋಡಿಗೆ ನಡಕೋತ ಹೋಗಿ ಬರ್ತಿದ್ಲು. ಇದರಾಗ ಏನೋ ಘೋಟಾಳಾ ಐತಿ.”

“ಘೋಟಾಳಾ ಅಲ್ರಿ, ಏರ ಐತಿ,” ಎಂದ ಮಿಲಿಂದ. “ಮ್ಯಾಲ ಹೋದಂಗ ಗಾಳಿ ತೆಳ್ಳಗಾಗತೈತ್ರಿ. ಹತ್ತ ಹೆಜ್ಜಿ ಇಡೂದು, ನಿಂದ್ರೂದು.”

ಪತ್ರಿಕೆಯಲ್ಲಿ ಮೂರು ಷರತ್ತುಗಳಿದ್ದವು. ಐದು ಕಿಲೋಮೀಟರನ್ನು ನಲವತ್ತು ನಿಮಿಷದಲ್ಲಿ ಓಡಬೇಕು. ಹತ್ತು ಕಿಲೋದ ಚೀಲ ಬೆನ್ನಿಗೆ ಹಾಕಿಕೊಂಡು ದಿನವಿಡೀ ನಡೆಯಬೇಕು. ಡಾಕ್ಟರರ ಸರ್ಟಿಫಿಕೇಟು ಬೇಕು. ಮೂರನೆಯದನ್ನು ನಾನು ಮೊದಲೇ ಮುಗಿಸಿದೆ. ಪರಿಚಯದ ಡಾಕ್ಟರೊಬ್ಬರು ನನ್ನ ಮಗಳ ಓದಿನ ಬಗ್ಗೆ ಕೇಳುತ್ತಾ, ನಾಡಿಯನ್ನೂ ಹಿಡಿಯದೆ ಸಹಿ ಮಾಡಿ ಶಿಕ್ಕೆ ಒತ್ತಿಕೊಟ್ಟರು. ಇಡೀ ಜಗತ್ತನ್ನು ಅನುಮಾನಿಸುವ ನಾನು ಆ ಕಾಗದವೊಂದನ್ನು ಅನುಮಾನಿಸಲಿಲ್ಲ. ಅದರಲ್ಲಿ ನನಗೆ ಬೇಕಾದದ್ದೇ ಬರೆದಿತ್ತಲ್ಲ.

ಚಳಿಯ ಅಭ್ಯಾಸಕ್ಕೆ ಅಣ್ಣಾಸಾಬ ಒಂದು ಹಾದಿ ಹುಡುಕಿದ. ಅವನ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಡಿಸೆಂಬರಿನ ಒಂದು ರವಿವಾರ ನಾವು ಮೂವರೂ ಸ್ವೆಟರ್, ಮಫ್ಲರ್ ಹಾಕಿಕೊಂಡು ಕುಳಿತೆವು. ಹೊರಗೆ ಕೆಲಸದ ಹೆಣ್ಣುಮಕ್ಕಳು, ಮೂರು ಮಂದಿ ಗಂಡಸರು ಹಣ್ಣಿನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಏನು ಮಾಡುತ್ತಾರೆ ಎಂದು ಕಿಸಿಕಿಸಿ ನಗುತ್ತಿದ್ದದ್ದು ಕೇಳುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಅಣ್ಣಾಸಾಬ ಬಾಗಿಲು ಬಡಿಯತೊಡಗಿದ. ಹೊರಗೆ ಬಂದಾಗ ಮಿಲಿಂದ ನನ್ನ ಮುಖ ನೋಡಿದ.

“ನಿಮ್ಮ ತುಟಿ ನೀಲಿ ಆಗ್ಯಾವಲ್ರಿ.”

“ಥಂಡಿಗೆ ಎಲ್ಲಾರವೂ ಆಗತಾವ.”

ಅವನು ಅಣ್ಣಾಸಾಬನ ತುಟಿ ನೋಡಿದ, ಮತ್ತೆ ನನ್ನ ತುಟಿ ನೋಡಿದ.

ಆ ವಾರವೇ ಮೊದಲ ಸಲ ಹೇಳಿದ: “ಒಮ್ಮಿ ಮಿರಜಿಗೆ ಹೋಗಿ ಎದಿ ತೋರಿಸಿಕೊಂಡ ಬರ್ರಿ.” ಸರ್ಟಿಫಿಕೇಟು ತೋರಿಸಿದೆ.

ಎತ್ತರದ್ದೇ ದೊಡ್ಡ ಸಮಸ್ಯೆ. ನಮ್ಮ ಕಡೆ ಎತ್ತರವೆಂದರೆ ಕಬ್ಬು ತುಂಬಿದ ಟ್ರೇಲರು. ರವಿವಾರ ಅಣ್ಣಾಸಾಬನ ಜೀಪಿನಲ್ಲಿ ನಿಪ್ಪಾಣಿ ಹತ್ತಿರದ ತವಂದಿ ಘಾಟಿಗೆ ಹೋಗುತ್ತಿದ್ದೆವು. ಉಳಿದ ದಿನಗಳಿಗೆ ಮಿಲಿಂದ ಕಾರ್ಖಾನೆಯೊಳಗೇ ಒಂದು ಗುಡ್ಡ ತೋರಿಸಿದ. ಬಾಯ್ಲರಿನ ಹಿಂದಿನ ಅಂಗಳದಲ್ಲಿ ಬೆಲ್ಟಿನಿಂದ ಸುರಿದು ಸುರಿದು ನಾಲ್ಕಂತಸ್ತಿನ ಮನೆಯಷ್ಟು ಎತ್ತರ ಬೆಳೆದ ಬಗ್ಯಾಸ್ ರಾಶಿ. “ಹಿಮದಾಗ ಕಾಲ ಹೆಂಗ ಹುಗಿತಾವೋ ಹಂಗ ಇದರಾಗೂ ಹುಗಿತಾವ್ರಿ,” ಎಂದ. ಸಾಹೇಬರ ಪರವಾನಗಿ ತಂದವನೂ ಅವನೇ.

ಶಿಫ್ಟು ಮುಗಿದ ಮೇಲೆ ಸಂಜೆ ಐದಕ್ಕೆ ಹತ್ತುತ್ತಿದ್ದೆವು. ಮೊಣಕಾಲಿನವರೆಗೆ ಕಾಲು ಹುಗಿಯುತ್ತಿತ್ತು. ಎರಡು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ಒಳಗಿನಿಂದ ಬಿಸಿ ಹಬೆ, ಮೇಲಿನಿಂದ ಸಣ್ಣ ಪುಡಿ. ಮೂಗು ಬಾಯಿಗೆ ಹಸಿ ಟವೆಲ್ ಕಟ್ಟಿಕೊಳ್ಳದೆ ಮಿಲಿಂದ ಒಂದು ಹೆಜ್ಜೆಯನ್ನೂ ಇಡಗೊಡುತ್ತಿರಲಿಲ್ಲ. ಗೇಟಿನ ಜಮಾದಾರ ದಸ್ತಗೀರ ಚಾಚಾ, ಫೌಜಿನಿಂದ ಬಂದ ಮನುಷ್ಯ, ಕೆಳಗೆ ನಿಂತು ಬೀಡಿ, ಬೆಂಕಿಕಡ್ಡಿ ಏನಾದರೂ ಇದೆಯೇ ಎಂದು ಜೇಬು ತಡವಿ ಬಿಡುತ್ತಿದ್ದ. ಬಗ್ಯಾಸಿಗೆ ಬೆಂಕಿ ತಾಗಿದರೆ ಆರಿಸಿದವರಿಲ್ಲ.

ಮನೆಯಲ್ಲಿ ನನ್ನ ತಲೆಗೂದಲಿನಿಂದ ಬಗ್ಯಾಸ್ ಹೆಕ್ಕುತ್ತಾ ಹೆಂಡತಿ ಶೋಭಾ ಕೇಳುತ್ತಿದ್ದಳು: “ಖರೇ ಹೇಳ್ರಿ, ಆ ರಾಶಿ ಮ್ಯಾಲ ಯಾರನ ಭೇಟ್ಟಿ ಆಗಾಕ ಹೋಗತೀರಿ?” ನಮ್ಮ ಮನೆತನದಲ್ಲಿ ಅನುಮಾನಕ್ಕೆ ಕೊರತೆಯಿಲ್ಲ.

ಕೊಲ್ಹಾಪುರದ ಹಳೇ ಸಾಮಾನಿನ ಪೇಟೆಯಿಂದ ಒಂದೇ ನಮೂನೆಯ ಮೂರು ಹಸಿರು ಬೆನ್ನಚೀಲ ತಂದಿದ್ದೆವು. ಕೃಷ್ಣೆಯ ಮರಳನ್ನು ಹತ್ತತ್ತು ಕಿಲೋ ತೂಗಿ, ಗೋಣಿಚೀಲದಲ್ಲಿ ಹೊಲಿದು ಅವುಗಳೊಳಗೆ ಇಟ್ಟು ತಂದವನು ಮಿಲಿಂದ. ಅಣ್ಣಾಸಾಬ ತನ್ನದನ್ನು ಜೀಪಿನಲ್ಲಿ ಇಟ್ಟುಕೊಂಡ. ನನ್ನದು, ಮಿಲಿಂದನದು ಲ್ಯಾಬಿನ ಮೂಲೆಯಲ್ಲಿ ಇರುತ್ತಿದ್ದವು.

ಜನವರಿಯ ಒಂದು ರವಿವಾರ ತವಂದಿ ಘಾಟಿನ ಅರ್ಧ ಏರಿನಲ್ಲಿ ಅಣ್ಣಾಸಾಬನ ಚೀಲದ ಬಾಯಿ ಬಿಚ್ಚಿತು. ಒಳಗೆ ಮರಳಿರಲಿಲ್ಲ. ಮಡಿಚಿದ ಕೌದಿ, ಅದರೊಳಗೆ ಒಂದು ಡಬ್ಬಿ ಒಣದ್ರಾಕ್ಷಿ.

“ಲೇ ಅಣ್ಯಾ, ಇದೇನಲೇ?”

“ಮತ್ತ ಮರಳ ಹೊತ್ತ ಸಾಯಲೇನ? ಹಿಮಾಲಯದಾಗ ಹೊರೂದು ಇದ್ದೇ ಐತಿ, ಇಲ್ಲೇ ಯಾಕ ಹೊರಬೇಕು?”

ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಲ್ಲೇ ಕೌದಿ ಹಾಸಿ ಮೂವರೂ ದ್ರಾಕ್ಷಿ ತಿಂದೆವು. ಮೋಸ ಮಾಡಿದವನು ಕಣ್ಣೆದುರು ಸಿಕ್ಕಿಬಿದ್ದಿದ್ದ, ನಾನು ನಗುತ್ತಿದ್ದೆ. ಇದನ್ನು ನೆನಪಿಡಿ.

ಏಕೆಂದರೆ ಅದೇ ದಿನಗಳಲ್ಲಿ ನನ್ನ ಅನುಮಾನವೆಲ್ಲ ಮಿಲಿಂದನ ಮೇಲೆ ಹೋಗಿ ಕುಳಿತಿತ್ತು. ಅವನು ಯಾವಾಗಲೂ ನನ್ನ ಹಿಂದೆ ಹತ್ತುತ್ತಿದ್ದ. ಗಟ್ಟಿಮುಟ್ಟಾದ ಹುಡುಗ ಹಿಂದೆ ಯಾಕೆ ಉಳಿಯುತ್ತಾನೆ? ತನ್ನ ಚೀಲವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಒಮ್ಮೆ ಎತ್ತಿಕೊಡಲು ಹೋದರೆ, “ಬ್ಯಾಡ್ರಿ, ನನ್ನ ಬ್ಯಾಗ ನಾ ಎತ್ತಕೋತೀನಿ,” ಎಂದು ಗಡಬಡಿಸಿ ಕಸಿದುಕೊಂಡ. ಫೆಬ್ರವರಿಯಲ್ಲಿ ಅವನ ಹೆಂಡತಿಯ ಅಣ್ಣ, ನಿಪ್ಪಾಣಿಯವನು, ಒಂದು ರವಿವಾರ ನಮ್ಮ ಜೊತೆ ಘಾಟು ಹತ್ತಲು ಬಂದ. ಮೇಕೆಯ ಹಾಗೆ ಹತ್ತಿದ. ಅದರ ಮರುದಿನವೇ ಮಿಲಿಂದ ಎರಡನೆಯ ಸಲ ಮಿರಜಿನ ಮಾತು ತೆಗೆದ. ವಾರ ಬಿಟ್ಟು ಮೂರನೆಯ ಸಲ. ನನಗೆ ಎಲ್ಲ ನಿಚ್ಚಳವಾಯಿತು.

“ಯಾಕ, ನನ್ನ ಬಿಟ್ಟು ನಿಮ್ಮ ಭಾವನ ಕರಕೊಂಡ ಹೋಗೂ ವಿಚಾರ ಐತೇನ?” ಎಂದೆ.

ಅವನ ಮುಖ ಸಣ್ಣದಾಯಿತು. “ಇಲ್ರಿ,” ಎಂದಷ್ಟೇ ಹೇಳಿ ಲ್ಯಾಬಿಗೆ ಹೋದ. ಸಿಕ್ಕಿಬಿದ್ದವರ ಮುಖ ಹೀಗೇ ಸಣ್ಣದಾಗುತ್ತದೆ ಎಂದುಕೊಂಡೆ. ಕಾಟಾದ ಮೇಲೆ ಅಂಥ ಎಷ್ಟು ಮುಖ ನೋಡಿಲ್ಲ!

ಇತ್ತ ನನ್ನದು ಚಲೋ ನಡೆದಿತ್ತು. ಮೊದಮೊದಲು ಬಗ್ಯಾಸ್ ರಾಶಿಯ ಅರ್ಧಕ್ಕೆ ಹೋಗುವಷ್ಟರಲ್ಲಿ ಎದೆ ತಿದಿಯಂತೆ ಹೊಡೆದುಕೊಂಡು ಕಣ್ಣು ಕತ್ತಲಾಗುತ್ತಿತ್ತು. ಫೆಬ್ರವರಿಯ ಹೊತ್ತಿಗೆ ಬೆನ್ನಿನ ಭಾರ ಹಗುರ ಅನಿಸತೊಡಗಿತು. ತುದಿಯವರೆಗೂ ಹತ್ತಿ ಚಿಮಣಿಯ ಹೊಗೆ, ಹೊಳೆಯ ಆಚೆಯ ಕಬ್ಬಿನ ಪಡಗಳನ್ನು ನೋಡುತ್ತಾ ನಿಲ್ಲುತ್ತಿದ್ದೆ. ಮೂವತ್ತೊಂಬತ್ತನೆಯ ವಯಸ್ಸಿನಲ್ಲೂ ಗಟ್ಟಿಯಾಗುತ್ತಿದ್ದೇನೆ ಎಂದು ಎದೆಯುಬ್ಬಿಸಿ ಶೋಭಾಳಿಗೂ ಹೇಳಿದೆ.

ಒಂದು ದಿನ ಊಟದ ಸೂಟಿಯಲ್ಲಿ ಲ್ಯಾಬ್ ಖಾಲಿಯಿತ್ತು. ಮಿಲಿಂದನ ಚೀಲ ಹಗುರಾಗಿದೆ, ಒಳಗೆ ಬಗ್ಯಾಸೋ ಅರಿವೆಯೋ ತುಂಬಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ನಮ್ಮ ದೊಡ್ಡ ಕಾಟಾ ಇಂಥದಕ್ಕೆ ಬರುವುದಿಲ್ಲ, ಅದಕ್ಕೆ ಹತ್ತು ಕಿಲೋದ ಒಳಗಿನ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಎರಡೂ ಚೀಲ ಹೊತ್ತುಕೊಂಡು ಸಕ್ಕರೆ ಮೂಟೆ ತೂಗುವ ಚಿಕ್ಕ ಕಾಟಾಕ್ಕೆ ಹೋದೆ. ಮೊದಲು ಮಿಲಿಂದನದು ಇಟ್ಟೆ. ಅಂಕಿ ಓಡಿ ಓಡಿ ಹದಿಮೂರಕ್ಕೆ ನಿಂತಿತು. ಕೆಳಗಿಳಿಸಿ, ಕಾಟಾ ಒರೆಸಿ ಮತ್ತೆ ಇಟ್ಟೆ. ಹದಿಮೂರು. ಆಮೇಲೆ ನನ್ನದು. ಏಳು.

ಅವನ ಚೀಲದ ಬಾಯಿ ಬಿಚ್ಚಿ ನೋಡಿದ್ದರೆ ಎಲ್ಲ ಅಲ್ಲೇ ತಿಳಿಯುತ್ತಿತ್ತು. ಗಂಟು ಬಿಚ್ಚಿದೆ ಕೂಡ. ಅಷ್ಟರಲ್ಲಿ ಯಾರೋ ಬಂದ ಸಪ್ಪಳವಾಗಿ ಮತ್ತೆ ಬಿಗಿದು ಕಟ್ಟಿ ಒಯ್ದು ಇಟ್ಟೆ. ಒಬ್ಬ ಬುದ್ಧಿವಂತನಿಗೆ ಈ ಎರಡು ಅಂಕಿ ಸಾಕಿತ್ತು. ನನ್ನ ಬುದ್ಧಿ ಡ್ರೈವರುಗಳ ನಡುವೆ ಬೆಳೆದದ್ದು ಹದಿನಾರೇ ಸೀಸನ್, ಆದರೆ ಅಷ್ಟರಲ್ಲೇ ಪೂರ್ತಿ ಕೆಟ್ಟಿತ್ತು. ನಾನು ಕಂಡುಕೊಂಡ ಅರ್ಥ ಇದು: ಇವನು ನನ್ನನ್ನು ಕಚ್ಚಾ ಇಡುತ್ತಿದ್ದಾನೆ. ಏಳು ಕಿಲೋಗೆ ರೂಢಿಯಾದವನು ಅಲ್ಲಿ ಹತ್ತು ಹೊತ್ತು ಕುಸಿಯಬೇಕು, ಇವನು ಹದಿಮೂರಕ್ಕೆ ಪಳಗಿ ಮುಂದೆ ನಡೆಯಬೇಕು. ಅಥವಾ ಅದಕ್ಕೂ ಮೊದಲೇ ನಾನು ಹೆದರಿ ಹಿಂದೆ ಸರಿಯಬೇಕು, ಭಾವ ಬರಬೇಕು.

ಕೇಳಬಹುದಿತ್ತು. ಅವನು ಇಪ್ಪತ್ತು ಹೆಜ್ಜೆ ದೂರದಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದ. ಕೇಳಲಿಲ್ಲ. ಮೂರು ದಿನ ಒಳಗೊಳಗೇ ಕುದ್ದೆ. ಶನಿವಾರ ಸಂಜೆ, ಮರುದಿನದ ಘಾಟಿಗೆಂದು ಮಿಲಿಂದ ತನ್ನ ಚೀಲವನ್ನು ಮನೆಗೆ ಒಯ್ಯುವ ದಿನ, ಗೇಟಿನ ಮುಂದೆ ಹಾಯುವಾಗ ದಸ್ತಗೀರ ಚಾಚಾನಿಗೆ ಒಂದು ಮಾತು ಹೇಳಿದೆ.

“ಚಾಚಾ, ಲ್ಯಾಬಿನವನ ಬ್ಯಾಗ ಬಾಳ ವಜ್ಜಾ ಆಗೇತಿ. ಒಮ್ಮಿ ನೋಡ್ರಿ.”

ಅಷ್ಟೇ. ಕಳ್ಳ ಅನ್ನಲಿಲ್ಲ, ಸಕ್ಕರೆ ಅನ್ನಲಿಲ್ಲ. ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೇಳಿ ಬಂದು ನನ್ನ ಖೋಲಿಯಲ್ಲಿ, ನನ್ನ ಕಿಟಕಿಯ ಹಿಂದೆ ಕುಳಿತೆ.

ಶಿಫ್ಟ್ ಬಿಡುವ ಹೊತ್ತು. ಸೈರನ್ ಆಗಿತ್ತು. ಸೈಕಲ್ಲು, ಮೋಟಾರ್ ಸೈಕಲ್ಲು, ಊಟದ ಡಬ್ಬಿ ಹಿಡಿದ ನೂರಾರು ಜನ. ಮಿಲಿಂದ ಚೀಲ ಹೊತ್ತು ನಡೆದು ಬಂದ. ಚಾಚಾ ಕೈ ಅಡ್ಡ ಮಾಡಿದ. ಮಿಲಿಂದ ನಗುತ್ತಲೇ ಏನೋ ಹೇಳಿದ. ಚಾಚಾ ನಗಲಿಲ್ಲ. ಚೀಲ ಮೇಜಿನ ಮೇಲೆ ಬಂತು, ಗಂಟು ಬಿಚ್ಚಿತು. ಹೊರಟಿದ್ದವರೆಲ್ಲ ನಿಂತರು. ಯಾರೋ “ಏನ ಸಿಕ್ಕತ್ರಿ?” ಎಂದು ಕೂಗಿದರು. ಹೊಲಿದ ದೊಡ್ಡ ಮರಳು ಚೀಲವನ್ನು ಕೊಯ್ದು ನೆಲಕ್ಕೆ ಸುರಿದರು. ಬರೀ ಮರಳು. ಅದರ ಕೆಳಗಿನಿಂದ ಲ್ಯಾಬಿನಲ್ಲಿ ಸ್ಯಾಂಪಲ್ ಕಟ್ಟುವ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳು ಬಂದವು, ಆರು. ಒಂದೊಂದಕ್ಕೂ ದಾರದಿಂದ ಕಟ್ಟಿದ ಚೀಟಿ. ಲ್ಯಾಬಿನವರು ಚೀಟಿ ಹಚ್ಚದೆ ಏನನ್ನೂ ಇಡುವವರಲ್ಲ.

ಪೊಟ್ಟಣದಲ್ಲಿ ಸಕ್ಕರೆ ಇದೆ ಎಂದೇ ಎಲ್ಲರೂ ತಿಳಿದಿದ್ದರು. ಚಾಚಾ ಒಂದನ್ನು ಬೆಳಕಿಗೆ ಹಿಡಿದು ನೋಡಿದ, ಅದರಲ್ಲೂ ಮರಳೇ. ಚೀಟಿಯನ್ನು ಜೋರಾಗಿ ಓದಿದ. ಅವನ ಕನ್ನಡ ಓದು ನಿಧಾನ. ಕಿಟಕಿಯವರೆಗೂ ಒಂದೊಂದು ಅಕ್ಷರ ಕೇಳಿಸಿತು.

“ಶ್ರೀಕಾಂತಣ್ಣ. ಅರ್ಧ ಕಿಲೋ. ಮಾರ್ಚ್ ಎರಡನೇ ವಾರ ವಾಪಸ್.”

ಇನ್ನೊಂದು ತೆಗೆದ. “ಶ್ರೀಕಾಂತಣ್ಣ. ಅರ್ಧ ಕಿಲೋ. ಮಾರ್ಚ್ ನಾಲ್ಕನೇ ವಾರ ವಾಪಸ್.” ಮತ್ತೊಂದು ಏಪ್ರಿಲ್. ಮತ್ತೊಂದೂ ಏಪ್ರಿಲ್. “ಯೇ ಕ್ಯಾ ಹೈ ರೇ ಬಾಬಾ?” ಎಂದು ಚಾಚಾ ಪೊಟ್ಟಣ ಕೆಳಗಿಟ್ಟ. ಜನ ಮಜಾ ಹೋಯಿತೆಂದು ಚದುರಿದರು. ಮಿಲಿಂದ ಕೆಳಗೆ ಕುಳಿತು, ಎರಡೂ ಕೈಗಳಿಂದ ಮರಳು ಒಟ್ಟುಮಾಡುತ್ತಿದ್ದ. ಚಾಚಾ ತಾನೂ ಕುಳಿತು ಕೈಹಚ್ಚಿದ. “ಮಾಫ್ ಮಾಡಪಾ,” ಎಂದದ್ದೂ ಕೇಳಿಸಿತು. ಆಮೇಲೆ ಮಿಲಿಂದ ಎದ್ದು, ಕೈ ಜಾಡಿಸಿ, ನೇರವಾಗಿ ನನ್ನ ಕಿಟಕಿಯ ಕಡೆ ನೋಡಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನ ಕೈ ನಿಜವಾಗಿಯೂ ಹೆಗಲಿಗೆ ಹೋಗಿತ್ತು.

ಮರುದಿನ ಘಾಟಿಗೆ ಯಾರೂ ಹೋಗಲಿಲ್ಲ. ಸೋಮವಾರ ನಾನೇ ಲ್ಯಾಬಿಗೆ ಹೋದೆ. ಕ್ಷಮೆ ಕೇಳಲು ಹೋದವನು, ಬಾಯಿಂದ ಬಂದದ್ದು ಜಗಳದ ಮಾತು.

“ನನ್ನ ಬ್ಯಾಗಿನಾಗಿನ ಮರಳ ಯಾಕ ತಗದಿ? ನನಗ ಯಾಕ ಹೇಳಲಿಲ್ಲ?”

ಮಿಲಿಂದ ರಸದ ಸ್ಯಾಂಪಲ್ ನೋಡುತ್ತಿದ್ದವನು ತಲೆ ಎತ್ತಲಿಲ್ಲ. “ರಾಶಿ ಹತ್ತಿ ಟವೆಲ್ ಬಿಚ್ಚಿದ್ರ ನಿಮ್ಮ ತುಟಿ ದಿನಾ ನೀಲಿ ಆಗತಿದ್ದೂರಿ. ಅದಕ್ಕ ಹಿಂದಿಂದ ಹತ್ತತಿದ್ದೆ, ಬಿದ್ರ ಹಿಡಿಯಾಕ. ಮಿರಜಿಗೆ ಹೋಗ್ರಿ ಅಂತ ಮೂರ ಸಲ ಹೇಳಿದೆ. ನೀವು ಏನಂದ್ರಿ?”

ಅವನು ಸ್ಯಾಂಪಲನ್ನು ಪಕ್ಕಕ್ಕೆ ಸರಿಸಿದ.

“ನಮ್ಮಪ್ಪ ಚಕ್ಕಡಿ ಹೊಡೀತಿದ್ರಿ, ಕಬ್ಬಿಂದು. ಜೋಡಿಯೊಳಗ ಒಂದ ಎತ್ತ ಸೊರಗಿತ್ತಂದ್ರ, ನೊಗದ ನಡುವಿನ ಹಗ್ಗಾನ ಗಟ್ಟಿ ಎತ್ತಿನ ಕಡೆ ಒಂದ ಗೇಣ ಸರಿಸಿ ಕಟ್ಟತಿದ್ದ. ವಜ್ಜಾ ಇದರ ಮ್ಯಾಲ ಬರ್ತಿತ್ತು, ಅದು ಹಗುರ ನಡೀತಿತ್ತು. ಚೇತರಿಸಿಕೊಂಡಂಗ ಹಗ್ಗಾ ನಡುವ ತರತಿದ್ದ. ಎತ್ತಿಗೆ ಹೇಳಿ ಸರಸತಾರೇನ್ರಿ? ಹೇಳಿದ್ರ ನೀವು ನಂಬತಿದ್ರೇನ್ರಿ?”

ನಂಬುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಗೇಟಿನಾಗ ನಾನ ಹೇಳಿದ್ದಂತ ನಿನಗ ಹೆಂಗ...”

“ಬುಧವಾರನ ಗೊತ್ತಾತ್ರಿ. ಬ್ಯಾಗಿಗೆ ನಿಮ್ಮ ಗಂಟ ಇತ್ತು. ತಾಡಪತ್ರಿಗೆ ಹಾಕೂ ಗಂಟ ಲ್ಯಾಬಿನಾಗ ಯಾರೂ ಹಾಕೂದಿಲ್ಲ. ತೂಕಾ ನೋಡ್ಯಾರ, ಈಗ ಬಂದು ಕೇಳತಾರ ಅಂತ ಕಾಯ್ದೆ. ನೀವು ಗೇಟಿಗೆ ಹೋದ್ರಿ.” ಸ್ಯಾಂಪಲಿಗೆ ಚೀಟಿ ಕಟ್ಟುತ್ತಾ ಹೇಳಿದ: “ಸಾಲ್ಯಾಗ ಯಾರದರೆ ಪೆನ್ ಕಳೀತಂದ್ರ ಮೊದಲ ನನ್ನ ಪಾಟಿಚೀಲಾನ ನೋಡತಿದ್ರು. ರೂಢಿ ಐತ್ರಿ ನನಗ. ನಿಮ್ಮಿಂದ ಬರತೈತಿ ಅಂತ ಅನಕೊಂಡಿರಲಿಲ್ಲ.”

ಆಗಲೂ ‘ರಿ’ ಬಿಟ್ಟಿರಲಿಲ್ಲ. ಅಣ್ಣಾಸಾಬನ ಕೌದಿ ಕಣ್ಣ ಮುಂದೆ ಬಂತು. ಅವನ ಚೀಲ ನಿಜವಾಗಿ ಸುಳ್ಳು ಹೇಳುತ್ತಿತ್ತು, ನಾನು ನಕ್ಕು ದ್ರಾಕ್ಷಿ ತಿಂದಿದ್ದೆ. ಮಿಲಿಂದನ ಜಾಗದಲ್ಲಿ ಅಣ್ಣಾಸಾಬ ಇದ್ದಿದ್ದರೆ ಚಾಚಾನಿಗೆ ಆ ಮಾತು ಹೇಳುತ್ತಿದ್ದೆನೆ? ಇಲ್ಲ. ಈ ಒಂದು ಉತ್ತರಕ್ಕೆ ನನಗೆ ಯಾವ ಕಾಟಾವೂ ಬೇಕಾಗಲಿಲ್ಲ. ನಾಚಿಕೆಯಾಯಿತು. ಇವತ್ತಿಗೂ ಆಗುತ್ತದೆ.

ಅಂದಿನಿಂದ ಹಂಗಾಮು ಮುಗಿಯುವವರೆಗೆ ಮಿಲಿಂದ ಚೀಲವನ್ನು ಲ್ಯಾಬಿನಲ್ಲಿ ಬಿಡದೆ ಮನೆಗೆ ಒಯ್ದ; ದಿನಾ ಸಂಜೆ ಗೇಟಿನಲ್ಲಿ ತಾನೇ ನಿಂತು, ಯಾರೂ ಕೇಳದೆ, ಚೀಲದ ಬಾಯಿ ಬಿಚ್ಚಿ ಹಿಡಿಯುತ್ತಿದ್ದ. ಚಾಚಾ ಬೇಡ ಬೇಡವೆಂದು ಕೈಮುಗಿಯುತ್ತಿದ್ದ. ಮಿಲಿಂದ ಊಟದ ಡಬ್ಬಿ ಇದ್ದ ಕೈಚೀಲವನ್ನೂ ತೆರೆದು ತೋರಿಸುತ್ತಿದ್ದ. ನಾನು ಕಿಟಕಿಯಿಂದ ಅದನ್ನು ನೋಡುತ್ತಿದ್ದೆ. ಬೇರೆ ಕಡೆ ಮುಖ ಮಾಡಿ ಕೂರಲು ಆ ಖೋಲಿಗೆ ಇನ್ನೊಂದು ಕಿಟಕಿ ಇರಲಿಲ್ಲ.

ಮಾರ್ಚಿನಲ್ಲಿ ಮಿರಜಿಗೆ ಹೋದೆ. ಡಾಕ್ಟರರು ಎದೆಗೆ ಯಂತ್ರ ಹಚ್ಚಿ, ಪರದೆಯ ಮೇಲೆ ತೋರಿಸಿದರು. ಹೃದಯದೊಳಗಿನ ಒಂದು ಕವಾಟ ಸಣ್ಣದಾಗಿತ್ತು. ಚಿಕ್ಕಂದಿನಲ್ಲಿ ಬಂದ ಯಾವುದೋ ಕೀಲುನೋವಿನ ಜ್ವರ ಬಿಟ್ಟುಹೋದ ಗುರುತಂತೆ. ಹಿಮಾಲಯದ ಮಾತು ತೆಗೆದಾಗ ಅವರು ಪೆನ್ನು ಕೆಳಗಿಟ್ಟರು. “ಹದಿನಾಲ್ಕು ಸಾವಿರ ಅಡಿಗೆ ಹತ್ತ ಕಿಲೋ ಹೊತ್ತ ಹೋಗಿದ್ರ ನಿಮ್ಮನ್ನ ನಾಲ್ಕ ಮಂದಿ ಹೊತ್ತ ಇಳಸಬೇಕಾಗತಿತ್ತು,” ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತಾಗ ಶೋಭಾ ಅತ್ತಳು. ಪರಿಚಯದ ಡಾಕ್ಟರರ ಶಿಕ್ಕೆ ಒತ್ತಿದ ಸರ್ಟಿಫಿಕೇಟು ನನ್ನ ಜೇಬಿನಲ್ಲೇ ಇತ್ತು. ಅದನ್ನು ಹರಿದು ಕಸದ ಬುಟ್ಟಿಗೆ ಹಾಕಿದೆ.

ಅಣ್ಣಾಸಾಬ ಏಪ್ರಿಲಿನಲ್ಲಿ ತಂಗಿಯ ಮದುವೆಯ ನೆವ ಹೇಳಿ ತಪ್ಪಿಸಿಕೊಂಡ. ಭಾವ ಮೊದಲಿನಿಂದಲೂ ಬರುವವನೇ ಆಗಿರಲಿಲ್ಲವಂತೆ. ಕೊನೆಗೆ ಮಿಲಿಂದ ಒಬ್ಬನೇ ಹೊರಟ.

ಮೇ ತಿಂಗಳ ಒಂದು ಬೆಳಿಗ್ಗೆ ಉಗಾರದ ಸ್ಟೇಷನ್ನಿಗೆ ಹೋದೆ. ಅವನು ಕರೆದಿರಲಿಲ್ಲ. ಶೋಭಾ ಮಾಡಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ನನ್ನ ಕೈಯಲ್ಲಿತ್ತು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಅದೇ ಹಸಿರು ಚೀಲ ಇಟ್ಟುಕೊಂಡು ಮಿಲಿಂದ ನಿಂತಿದ್ದ. ನನ್ನನ್ನು ಕಂಡು ಆಶ್ಚರ್ಯಪಟ್ಟ. ಮಿರಜಿನಲ್ಲಿ ಏನಾಯಿತೆಂದು ಅವನಿಗೆ ಗೊತ್ತಿತ್ತು.

“ಆಪರೇಷನ್ ಯಾವಾಗ್ರಿ?”

“ಮಳಿಗಾಲ ಮುಗದ ಮ್ಯಾಲ.” ಗಂಟು ಮುಂದೆ ಮಾಡಿದೆ. “ಶೋಭಾ ಕೊಟ್ಟಾಳ. ಎಂಟ ದಿನಾ ಕೆಡೂದಿಲ್ಲ.”

“ಹಾಕ್ರಿ,” ಎಂದು ಅವನು ಚೀಲದ ಬಾಯಿ ಬಿಚ್ಚಿ, ಎರಡೂ ಕೈಗಳಿಂದ ಅಗಲ ಮಾಡಿ ನನ್ನ ಕಡೆ ತಿರುಗಿಸಿ ಹಿಡಿದ. ಒಂದೊಂದೇ ಸಾಮಾನು ಕಾಣುವ ಹಾಗೆ. ಗೇಟಿನಲ್ಲಿ ಎರಡು ತಿಂಗಳು ಹಿಡಿದ ಹಾಗೆಯೇ. ಬೇಕೆಂದೇ ಹಿಡಿದನೋ, ಕೈಗೆ ರೂಢಿಯಾಗಿತ್ತೋ, ತಿಳಿಯಲಿಲ್ಲ. ನಾನು ಮುಖ ತಿರುಗಿಸಿ ದೂರದ ಸಿಗ್ನಲ್ ಕಂಬ ನೋಡುತ್ತಾ, ಕುರುಡನ ಹಾಗೆ ತಡಕಾಡಿ ರೊಟ್ಟಿಯ ಗಂಟನ್ನು ಒಳಗಿಟ್ಟೆ. ನೋಡದೆಯೇ ಚೀಲದ ಬಾಯಿ ಕೂಡಿಸಿ ಹಗ್ಗ ಎಳೆದು ಕಟ್ಟಿದೆ, ನನ್ನದೇ ಗಂಟು.

“ತಪ್ಪಾತ್ರಿ, ಮಿಲಿಂದ,” ಎಂದೆ. ಅವನಿಗೆ ‘ರಿ’ ಅಂದದ್ದು ಅದೇ ಮೊದಲು. ನಾಲಿಗೆ ತೊಡರಿತು.

ರೈಲು ಬಂದಿತ್ತು. ಅವನು ಬೆನ್ನು ತಿರುಗಿಸಿ ನಿಂತ. ನಾನು ಚೀಲ ಎತ್ತಿ ಅವನ ಹೆಗಲಿಗೆ ಏರಿಸಿದೆ. ಈ ಸಲ ಕಸಿದುಕೊಳ್ಳಲಿಲ್ಲ.

ಈಗ ನನ್ನ ಎದೆಯಲ್ಲಿ ಹೊಸ ಕವಾಟವಿದೆ. ವರ್ಷಕ್ಕೆರಡು ಸಲ ಅದನ್ನು ತೋರಿಸಲು ಮಿರಜಿನ ಬಸ್ಸು ಹತ್ತುತ್ತೇನೆ. ಮಿಲಿಂದರು ದೂಧಗಂಗೆಯ ಕಡೆ, ಸದಲಗಾ ಹತ್ತಿರದ ಒಂದು ಕಾರ್ಖಾನೆಯಲ್ಲಿ ದೊಡ್ಡ ಕೆಮಿಸ್ಟ್ ಆಗಿದ್ದಾರೆ. ದೀಪಾವಳಿಗೆ ನಾನು ಫೋನ್ ಮಾಡುತ್ತೇನೆ, ಬುದ್ಧ ಪೂರ್ಣಿಮೆಗೂ ಮಾಡುತ್ತೇನೆ. ಅವರು ಘಾಟು ದಾಟಿದ್ದು, ತುದಿಯಲ್ಲಿ ಹಿಮ ಬಿದ್ದದ್ದು, ಹತ್ತು ಹೆಜ್ಜೆಗೊಮ್ಮೆ ನಿಂತದ್ದು ಎಲ್ಲ ಹೇಳಿದ್ದಾರೆ.

ಒಂದನ್ನು ಹೇಳಿಲ್ಲ, ನಾನೂ ಕೇಳಿಲ್ಲ. ಅವತ್ತು ನೋಡದೆ ಕೈ ಹಾಕಿದಾಗ, ಸ್ವೆಟರಿನ ಕೆಳಗೆ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ನನ್ನ ಬೆರಳಿಗೆ ತಾಗಿತ್ತು. ಅರ್ಧ ಕಿಲೋದಷ್ಟು. ಬಾಯಿಗೆ ದಾರ, ದಾರಕ್ಕೊಂದು ಚೀಟಿ. ಒಳಗಿನದು ಕಾಳುಕಾಳಾಗಿ ಸರಿದಾಡಿತು. ಉಪ್ಪಿರಬಹುದು, ಸಕ್ಕರೆಯೂ ಇರಬಹುದು. ಹದಿನಾಲ್ಕು ಸಾವಿರ ಅಡಿಯ ಮೇಲೆ ನನ್ನ ಪಾಲಿನ ಮರಳನ್ನು ಅವರು ಬಿಚ್ಚಿ ಸುರಿದು ಬಂದಿದ್ದಾರೆ ಎಂಬ ಅನುಮಾನ ನನಗಿದೆ. ಇದೊಂದನ್ನು ಮಾತ್ರ ತೂಗಿ ನೋಡಲು ಹೋಗಿಲ್ಲ.